ಅಪ್ಪ ಕೈ ಬಿಟ್ಟು ಇಳಿಸಿದ ವಿಮಾನ

ನಮ್ಮಪ್ಪ ವಿಮಾನ ಹತ್ತಿದವನಲ್ಲ, ಸಮುದ್ರ ಕಂಡವನಲ್ಲ. ಆದರೂ ತೊಂಬತ್ತೆಂಟನೇ ಇಸವಿಯ ಕೊನೆಯಲ್ಲಿ, ಪಾಂಡವಪುರದ ಒಂದು ಮಹಡಿ ಕೋಣೆಯಲ್ಲಿ, ನಡುಸಮುದ್ರದ ಹಡಗಿನ ಮೇಲೆ ಯುದ್ಧವಿಮಾನ ಇಳಿಸುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಕೇಳಿದವರು "ರೀಲು ಬುಡ್ಬೇಡ ಬುಡಮ್ಮ" ಅನ್ನುತ್ತಾರೆ. ಅಂದುಕೊಳ್ಳಲಿ. ಪಕ್ಕದಲ್ಲಿ ಕೂತು ನೋಡಿದವಳು ನಾನು.

ಆ ಮಹಡಿ ಕೋಣೆ ಒಂದು ಕಂಪ್ಯೂಟರ್ ಸೆಂಟರು. ಕೆಳಗೆ ಗೊಬ್ಬರದ ಅಂಗಡಿ, ಮೇಲೆ ನಾಲ್ಕು ಕಂಪ್ಯೂಟರು. ಅದರಲ್ಲಿ ಕೆಲಸ ಮಾಡುತ್ತಿದ್ದದ್ದು ಮೂರು. ಚಪ್ಪಲಿ ಬಾಗಿಲಾಚೆ ಬಿಟ್ಟು, ಕಾಲು ಒರೆಸಿಕೊಂಡು ಒಳಗೆ ಬರಬೇಕು. ಡಿಗ್ರಿ ಮುಗಿಸಿದ ನಾನು ಅಲ್ಲಿ ಪಾಠ ಹೇಳುತ್ತಿದ್ದೆ. ಸೆಂಟರಿನ ಓನರು ನಾಗಮಂಗಲದವರು, ದಿನಾ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಒಂದು ಸಲ ಬೆಂಗಳೂರಿಗೆ ಹೋದವರು ಒಂದು ಸೀಡಿಯನ್ನೂ ಸೆಕೆಂಡ್ ಹ್ಯಾಂಡು ಜಾಯ್‌ಸ್ಟಿಕ್ಕನ್ನೂ ತಂದರು. ಪಾಠ ಮುಗಿಸಿದವರಿಗೆ ಅರ್ಧ ಗಂಟೆ ಆಟ ಅಂತ ಬೋರ್ಡು ಬರೆದರೆ ಅಡ್ಮಿಷನ್ ಜಾಸ್ತಿ ಆಗುತ್ತೆ ಅನ್ನುವುದು ಅವರ ಐಡಿಯಾ. ಅದು ಸುಳ್ಳಾಗಲಿಲ್ಲ ಬಿಡಿ.

ಆಟ ಏನಪ್ಪಾ ಅಂದರೆ ಯುದ್ಧವಿಮಾನದ್ದು. ಹಾರಿಸುವುದು, ಗುಂಡು ಹೊಡೆಯುವುದು ಹುಡುಗರಿಗೆ ಎರಡೇ ದಿನಕ್ಕೆ ಬಂತು. ಬಾರದೇ ಇದ್ದದ್ದು ಇಳಿಸುವುದು. ನಿಲ್ದಾಣ ಅನ್ನುವುದು ನೆಲದ ಮೇಲಿಲ್ಲ, ಸಮುದ್ರದ ನಡುವೆ ಒಂದು ಹಡಗಿನ ಬೆನ್ನ ಮೇಲಿದೆ. ಮೇಲಿಂದ ನೋಡಿದರೆ ಬೆಂಕಿಪೊಟ್ಟಣದಷ್ಟು. ಅದೂ ಸುಮ್ಮನಿರುವುದಿಲ್ಲ, ಮುಂದೆ ಹೋಗುತ್ತಲೇ ಇರುತ್ತದೆ, ಮೇಲೆ ಕೆಳಗೆ ಓಲಾಡುತ್ತದೆ. ವಿಮಾನದ ಬಾಲದಲ್ಲಿ ಒಂದು ಕೊಕ್ಕೆ, ಹಡಗಿನ ಮೇಲೆ ಅಡ್ಡ ಕಟ್ಟಿದ ಹಗ್ಗಗಳು. ಕೊಕ್ಕೆ ಹಗ್ಗಕ್ಕೆ ಸಿಕ್ಕಿದರೆ ಬದುಕಿದೆ, ತಪ್ಪಿದರೆ ನೀರು. ಎಲ್ಲರೂ ನೀರಿಗೇ ಬಿದ್ದೆವು, ನಾನಂತೂ ಲೆಕ್ಕವಿಲ್ಲದಷ್ಟು ಸಲ.

ಸೀಡಿಯ ಜೊತೆ ಒಂದು ಕಟ್ಟು ಜೆರಾಕ್ಸ್ ಹಾಳೆ ಇತ್ತು. ಯಾರೂ ಮುಟ್ಟಿರಲಿಲ್ಲ. ನನಗೆ ಮೊದಲಿಂದಲೂ ಒಂದು ಚಾಳಿ, ಯಾವುದೇ ಸಾಮಾನಿನ ಜೊತೆ ಬಂದ ಕಾಗದ ಓದದೆ ಬಿಡುವವಳಲ್ಲ. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದುತ್ತಾ ಹೋದರೆ ಒಂದು ಪುಟದಲ್ಲಿ ಸಿಕ್ಕಿತು: ವಿಮಾನ ತಾನೇ ಇಳಿಯುತ್ತದೆ! ಹಡಗಿನ ಹಿಂಬದಿಗೆ ಸುತ್ತಿ ಬಂದು, ಗಾಲಿ ಇಳಿಸಿ, ಕೊಕ್ಕೆ ಇಳಿಸಿ, ಎತ್ತರ ವೇಗ ಹದಕ್ಕೆ ತಂದು ಒಂದು ಕೀ ಒತ್ತಬೇಕು. ಪರದೆಯ ಮೇಲೆ ಸಣ್ಣ ಹಸಿರು ಅಕ್ಷರ ಮೂಡಿದರೆ ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಹಡಗಿನ ಮೇಲಿನ ರಾಡಾರು ವಿಮಾನವನ್ನು ನೋಡುತ್ತಾ, ಇಷ್ಟು ಎಡಕ್ಕೆ ಬಾ, ಇಷ್ಟು ಕೆಳಕ್ಕೆ ಬಾ ಅನ್ನುತ್ತದೆ, ವಿಮಾನ ಹೇಳಿದಂತೆ ಕೇಳುತ್ತದೆ. ಒಬ್ಬಳೇ ಕೂತು "ಎಲಾ ಇದರ!" ಅಂದುಬಿಟ್ಟೆ. ಆಮೇಲೆ ಒಂದು ವಾರ ಹುಚ್ಚು ಹಿಡಿದವಳ ಹಾಗೆ ಪರೀಕ್ಷೆ ಮಾಡಿದೆ. ದೂರದಿಂದ ಒತ್ತಿದರೆ ಹಿಡಿಯುತ್ತಾ? ಓರೆಯಾಗಿ ಬಂದರೆ? ಹಡಗು ತಿರುಗುತ್ತಿರುವಾಗ? ಎಲ್ಲವನ್ನೂ ನೋಟ್ ಬುಕ್ಕಿನಲ್ಲಿ ಬರೆದಿಟ್ಟೆ.

ಆದರೂ ಬೀಳುತ್ತಲೇ ಇದ್ದೆವು. ಯಾಕೆ ಅಂತ ಹುಡುಕಿದರೆ ತಪ್ಪು ವಿಮಾನದ್ದಲ್ಲ, ಹಡಗಿನದ್ದಲ್ಲ, ನಮ್ಮ ಕೈಯದು. ಅದು ತಾನೇ ಇಳಿಯುವಾಗ ಜಾಯ್‌ಸ್ಟಿಕ್ಕನ್ನು ಒಂಚೂರು ಅಲುಗಿಸಿದರೂ ಸಾಕು, "ಸರಿ, ನೀನೇ ನೋಡ್ಕೋ" ಅಂತ ನಮಗೇ ಬಿಟ್ಟುಕೊಡುತ್ತದೆ. ನಮ್ಮ ಹುಡುಗರೆಲ್ಲ ಗಾಡಿ ಹೊಡೆಯುವವರ ಮನೆಯವರು. ನಮ್ಮ ಕಡೆ ಕಬ್ಬಿನ ಗಾಡಿಯವನು ಖಾಲಿ ಗಾಡಿಯಲ್ಲಿ ಮಲಗಿ ನಿದ್ದೆ ಹೊಡೆಯುತ್ತಾನೆ, ಎತ್ತು ಮನೆ ಮುಟ್ಟಿಸುತ್ತದೆ. ಆದರೆ ನಿದ್ದೆಯಲ್ಲೂ ಹಗ್ಗದ ತುದಿ ಬೆರಳಿಗೆ ಸುತ್ತಿರುತ್ತದೆ. ಹಗ್ಗ ಪೂರ್ತಿ ಬಿಟ್ಟವನನ್ನು ನಮ್ಮೂರಲ್ಲಿ ಗಾಡಿ ಹೊಡೆಯುವವನು ಅನ್ನುವುದಿಲ್ಲ. ಹೀಗಾಗಿ ಎಲ್ಲರೂ ಎರಡು ಬೆರಳು ಜಾಯ್‌ಸ್ಟಿಕ್ಕಿನ ಮೇಲೆ ಇಟ್ಟೇ ಕೂರುತ್ತಿದ್ದರು. ವಿಮಾನ ಸ್ವಲ್ಪ ವಾಲಿತು ಅನ್ನಿಸಿದ ತಕ್ಷಣ ಬೆರಳು ತಾನಾಗಿ ಎಳೆಯುತ್ತಿತ್ತು. ಹಸಿರು ಅಕ್ಷರ ಮಾಯ, ವಿಮಾನ ನೀರಿಗೆ. ಎಲ್ಲ ತಿಳಿದಿದ್ದ ನನ್ನ ಬೆರಳೂ ಎಳೆಯುತ್ತಿತ್ತು, ಅದೇ ನನಗೆ ಸಿಟ್ಟು.

ಅಪ್ಪ ಬಂದದ್ದು ಇದರ ನಡುವೆ. ನಮ್ಮೂರು ಕಿರಂಗೂರಿನ ಮಗ್ಗುಲಲ್ಲಿ. ಕಬ್ಬು ಅರೆಯುವ ಕಾಲದಲ್ಲಿ ಅಪ್ಪ ಟೈರು ಗಾಡಿಯಲ್ಲಿ ಕಬ್ಬು ಹೇರಿಕೊಂಡು ಪಾಂಡವಪುರದ ಫ್ಯಾಕ್ಟರಿಗೆ ಬರುತ್ತಿದ್ದ. ಅಲ್ಲಿ ಸಾಲಿನಲ್ಲಿ ನಿಂತರೆ ಒಂದೊಂದು ದಿನ ಪೂರ್ತಿ ಕಾಯಬೇಕು. ಮಧ್ಯಾಹ್ನ ನಾನೇ ಹೋಗಿ, ಪಕ್ಕದ ಗಾಡಿಯವನಿಗೆ ಎತ್ತು ನೋಡಿಕೊಳ್ಳಲು ಹೇಳಿ, ಅಪ್ಪನನ್ನು ಸೆಂಟರಿಗೆ ಕರೆತರುತ್ತಿದ್ದೆ. ಫ್ಯಾನಿನ ಕೆಳಗೆ ಮುದ್ದೆ ಉಂಡು ಕೂರಲಿ ಅಂತ. ಮೆಟ್ಟಿಲು ಹತ್ತುವಾಗ ನನ್ನ ಭುಜ ಹಿಡಿದುಕೊಳ್ಳುತ್ತಿದ್ದ. ಮಂಡಿ ನೋವು ಅಂದುಕೊಂಡಿದ್ದೆ.

ಆಗ ನಮ್ಮ ಮನೆಯಲ್ಲಿ ಎತ್ತಿನದೇ ಜಗಳ. ಅಣ್ಣನಿಗೆ ಇನ್ನಿಬ್ಬರ ಜೊತೆ ಸೇರಿ ಟ್ರಾಕ್ಟರು ತೆಗೆಯುವ ಆಸೆ. ಸಂಕ್ರಾಂತಿ ಕಳೆದ ಮೇಲೆ ಹೇಮಗಿರಿಯ ದನದ ಜಾತ್ರೆ, ಅಲ್ಲಿ ಜೋಡಿ ಮಾರಿಬಿಡೋಣ ಅನ್ನುತ್ತಿದ್ದ. ಹಳ್ಳಿಕಾರ್ ಎತ್ತುಗಳು, ವಯಸ್ಸಾಗಿದ್ದರೂ ನೋಡಲು ಲಕ್ಷಣವಾಗಿದ್ದವು. ಅಪ್ಪ ಒಂದೇ ಮಾತು: "ನಾನಿರೋಗಂಟ ಎತ್ತು ಈ ಮನೆ ಬಾಗ್ಲು ದಾಟಕಿಲ್ಲ." ನಿಜ ಹೇಳುತ್ತೇನೆ, ನಾನು ಅಣ್ಣನ ಕಡೆ. ಸಂಜೆ ಖಾಲಿ ಗಾಡಿಯಲ್ಲಿ ಕೂತು ಊರಿಗೆ ಹೋಗುವಾಗ ಎದುರಿಗೆ ನನ್ನ ಸ್ಟೂಡೆಂಟ್ಸ್ ಸಿಕ್ಕರೆ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತಿತ್ತು. "ಎತ್ತು ಕಟ್ಕೊಂಡು ಏನ್ ಪೂಜೆ ಮಾಡ್ತೀಯಪ್ಪಾ?" ಅಂತ ರೇಗುತ್ತಿದ್ದೆ. ಅಪ್ಪ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದ.

ಒಂದು ಮಧ್ಯಾಹ್ನ ಹುಡುಗರು ಬಿದ್ದು ಬಿದ್ದು ಕೂಗಾಡುತ್ತಿದ್ದರು. ಅಪ್ಪ ಮೂಲೆಯಲ್ಲಿ ಎಲೆಯಡಿಕೆ ಹಾಕುತ್ತಾ ಕೇಳಿದ: "ಏನ್ ಮಗ ಅದು, ಅಂಗೆ ಗುಯ್ಗುಟ್ತದೆ?" ಹೇಳಿದೆ. ಹಡಗು, ಕೊಕ್ಕೆ, ಹಗ್ಗ, ತಾನೇ ಇಳಿಯುವುದು, ಎಲ್ಲ. ಅಪ್ಪನಿಗೂ ನನ್ನದೇ ಚಾಳಿ, ಕೆದಕಿ ಕೆದಕಿ ಕೇಳುವುದು.

"ಅಂಗಾರೆ ಹಗ್ಗ ಹಡಗಿನ ಕೈಲದೆ ಅನ್ನು."

"ಹೂಂ ಕಣಪ್ಪ."

"ವಿಮಾನುಕ್ಕೆ ಏನೂ ಕಾಣ್ದೆ ಇದ್ರೂವೆ ಇಳೀತದಾ?"

"ಮೋಡ ಇರಲಿ, ಮಂಜಿರಲಿ, ಇಳೀತದೆ."

ಎಲೆಗೆ ಸುಣ್ಣ ಸವರುತ್ತಾ ಕೇಳಿದ: "ಹಡಗೇ ಸರ್ಯಾಗಿ ನೋಡ್ದೆ ಹೋದ್ರೆ?"

ಹಾಳೆಯೆಲ್ಲ ತಿರುವಿದೆ. ಅದಕ್ಕೆ ಅದರಲ್ಲಿ ಉತ್ತರ ಇರಲಿಲ್ಲ.

"ನೀನೇ ಕೂತ್ಕೊಂಡು ನೋಡು ಬಾ" ಅಂತ ಕುರ್ಚಿಗೆ ಎಳೆದು ಕೂರಿಸಿದೆ. ವಿಮಾನವನ್ನು ಹಡಗಿನ ಹಿಂದಕ್ಕೆ ನಾನು ತಂದೆ, ಕೀ ಒತ್ತಿದೆ. ಅಪ್ಪ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಕಿವಿಯನ್ನು ಸ್ಪೀಕರಿನ ಕಡೆ ತಿರುಗಿಸಿ ಕೂತ. ಇಂಜಿನ್ನಿನ ಸದ್ದು ಏರಿತು, ಇಳಿಯಿತು. ವಿಮಾನ ವಾಲಿತು. ಹಿಂದೆ ನಿಂತ ಹುಡುಗರು "ಎಳೀರಿ ಗೌಡ್ರೇ, ಎಳೀರಿ" ಅಂದರು. ಅಪ್ಪನ ಕೈ ಅಲ್ಲಾಡಲಿಲ್ಲ. ದಡಕ್ ಅಂತ ಕೊಕ್ಕೆ ಹಗ್ಗಕ್ಕೆ ಸಿಕ್ಕಿತು. ಆ ಕೋಣೆಯಲ್ಲಿ ಹಡಗಿನ ಮೇಲೆ ನಿಂತ ಮೊದಲ ವಿಮಾನ ಅದು. ಹುಡುಗರು ಶಿಳ್ಳೆ ಹೊಡೆದರು, ಓನರು ಟೀ ತರಿಸಿದರು.

ಆಮೇಲೆ ಅಪ್ಪ ಬಂದಾಗಲೆಲ್ಲ ಅದೊಂದು ಜಾತ್ರೆ. ಎಷ್ಟು ಸಲ ಕೂರಿಸಿದರೂ ಅಷ್ಟೂ ಸಲ ಇಳಿಯಿತು. ಗಾಳಿ ಜಾಸ್ತಿ ಮಾಡಿಟ್ಟರೂ ಇಳಿಯಿತು. "ಅದೆಂಗೆ ಗೌಡ್ರೇ?" ಅಂತ ಓನರು ಕೇಳಿದರೆ, "ಏನೈತೆ ಸ್ವಾಮಿ, ಎತ್ತಿಗೆ ದಾರಿ ಗೊತ್ತು ಅಂದ್ಮೇಲೆ ಸುಮ್ಕೆ ಕುಂತ್ಕಬೇಕು" ಅನ್ನುತ್ತಿದ್ದ. ನನಗೆ ಹೆಮ್ಮೆ, ಹೆಮ್ಮೆಯ ಜೊತೆಗೆ ಕುತೂಹಲ. ಊರಲ್ಲಿ ಯಾರಿಗೂ ಬಾರದ ಈ ಸುಮ್ಮನಿರುವ ವಿದ್ಯೆ ಇವನಿಗೆ ಮಾತ್ರ ಹೇಗೆ ಬಂತು? ನೋಟ್ ಬುಕ್ಕಿನಲ್ಲಿ ಅದಕ್ಕೂ ಒಂದು ಪುಟ ಬಿಟ್ಟೆ. ಅವನು ಪರದೆಗಿಂತ ಹೆಚ್ಚಾಗಿ ಸ್ಪೀಕರಿನ ಕಡೆ ವಾಲುತ್ತಾನೆ ಅಂತ ಬರೆದಿದ್ದೆ. ಬರೆದಿದ್ದೆ ಅಷ್ಟೇ, ಮುಂದಕ್ಕೆ ಯೋಚನೆ ಮಾಡಿರಲಿಲ್ಲ.

ಒಂದು ದಿನ ವಿಮಾನ ಅರ್ಧ ಇಳಿದಿರುವಾಗ ಮಾನಿಟರಿನ ವೈರು ಸಡಿಲವಾಗಿ ಪರದೆ ಕಪ್ಪಾಯಿತು. ಕಂಪ್ಯೂಟರು ಮಾತ್ರ ನಡೆಯುತ್ತಿತ್ತು, ಸದ್ದು ಬರುತ್ತಿತ್ತು. ಹುಡುಗರು "ಅಯ್ಯೋ, ಹೋಯ್ತು" ಅಂದರು. ಅಪ್ಪ ಗಮನವಿಟ್ಟು ಕೂತೇ ಇದ್ದ. ದಡಕ್ ಅಂತ ಸದ್ದಾಯಿತು. ಅಪ್ಪ ಆ ಕಪ್ಪು ಗಾಜಿನ ಕಡೆ ಕೈ ತೋರಿಸಿ, "ನೋಡುದ್ರೇನ್ಲಾ, ಎಷ್ಟ್ ಚೆಂದಾಗ್ ನಿಂತ್ಕತು!" ಅಂದ.

ಹುಡುಗರು ಹೋ ಅಂತ ನಕ್ಕರು. ಗೌಡರು ತಮಾಷೆ ಮಾಡಿದರು ಅಂದುಕೊಂಡರು. ಅಪ್ಪನೂ ನಕ್ಕ, ಆದರೆ ಅವರು ಯಾಕೆ ನಗುತ್ತಿದ್ದಾರೆ ಅಂತ ತಿಳಿಯದವನ ನಗು ಅದು. ನಾನು ನಗಲಿಲ್ಲ, ಬಗ್ಗಿ ವೈರು ಸರಿಮಾಡಿದೆ.

ಅವತ್ತು ಸಂಜೆ ಖಾಲಿ ಗಾಡಿಯಲ್ಲಿ ಅಪ್ಪನ ಪಕ್ಕ ಕೂತೆ. ನಾಲೆ ಏರಿಯ ರಸ್ತೆ, ಇನ್ನೂ ಬಿಸಿಲಿತ್ತು. ಎದುರಿನಿಂದ ಸೈಕಲ್ಲಿನಲ್ಲಿ ಅಣ್ಣ ಬರುತ್ತಿದ್ದ. ನಾನು ಬಾಯಿ ಮುಚ್ಚಿಕೊಂಡಿದ್ದೆ, ಅಣ್ಣನಿಗೆ ಮಾತಾಡಬೇಡ ಅಂತ ಸನ್ನೆ ಮಾಡಿದೆ. ಅವನು ಗಾಡಿಯ ಪಕ್ಕದಲ್ಲೇ, ಮಾರು ದೂರದಲ್ಲಿ ಹಾದು ಹೋದ. ಅಪ್ಪ ಮುಖ ತಿರುಗಿಸಲಿಲ್ಲ.

"ಈಗ ಹೋದೋರು ಯಾರಪ್ಪಾ?"

"ಯಾರೋ ಸೈಕಲ್ನೋರು."

"ನಿನ್ನ ಮಗ ಕಣಪ್ಪ!" ಅಂತ ಕಿರುಚಿಬಿಟ್ಟೆ. ಎತ್ತುಗಳು ಬೆಚ್ಚಿ ನಿಂತವು.

ಅಪ್ಪ ಹಗ್ಗದ ಗಂಟನ್ನು ಸವರಿದ. ಆಮೇಲೆ ಹೇಳಿದ: "ಪೊರೆ ಬಂದದೆ ಕಣ್ಮಗ. ಎರಡು ವರ್ಸಾಯ್ತು. ಬೆಳಕು ಗೊತ್ತಾಯ್ತದೆ, ನೆಳ್ಳು ಗೊತ್ತಾಯ್ತದೆ. ಮಜ್ಜಿಗೇಲಿ ಮುಳುಗಿ ನೋಡ್ದಂಗೆ."

"ಗಾಡಿ ಹೊಡೀತಿದ್ದೀಯಲ್ಲಪ್ಪಾ!"

"ನಾನೆಲ್ಲಿ ಹೊಡೀತೀನಿ? ಎತ್ತು ಹೊಡೀತವೆ. ಎಡದೆತ್ತು ಭಾರಿ ಬುದ್ಧಿವಂತ. ಬಸ್ಸು ಬಂದ್ರೆ ತಾನೇ ಓರೆಗೆ ಓಯ್ತದೆ."

ಬಾಯಿಗೆ ಬಂದಂತೆ ಬೈದೆ. ನಿನ್ನ ಹಠಕ್ಕೆ ಬೆಂಕಿ ಬೀಳ, ಸ್ಕೂಲು ಬಿಟ್ಟ ಮಕ್ಕಳು ಈ ದಾರೀಲಿ ಓಡಾಡ್ತವೆ, ಯಾರಿಗಾದ್ರೂ ಗಾಡಿ ಹತ್ತಿದ್ರೆ ಏನಪ್ಪಾ ಗತಿ ಅಂದೆ. ಬೈಯುತ್ತಾ ಬೈಯುತ್ತಾ ಅಳು ಬಂತು. ಅಪ್ಪ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದ: "ಕಣ್ಣು ಕಾಣಕಿಲ್ಲ ಅಂದ್ರೆ ಅವತ್ತೇ ಎತ್ತು ಮಾರುಸ್ಬುಡ್ತಿದ್ರಿ. ಎತ್ತೂ ಹೋದ್ಮೇಲೆ ನಾನು ಜಗಲಿ ಬುಟ್ಟು ಏಳಂಗಿದ್ನಾ? ಅವೇ ಕಣವ್ವ ನನ್ ಕಣ್ಣು." ನಾನು ಹಗ್ಗ ಕಿತ್ತುಕೊಂಡು ಮನೆಯವರೆಗೂ ಗಾಡಿ ಹೊಡೆದೆ. ಎದುರಿಗೆ ಯಾರು ಸಿಕ್ಕರೋ ನೋಡಲಿಲ್ಲ.

ಮನೆಯಲ್ಲಿ ರಂಪವಾಯಿತು. ಅವ್ವ ಎದೆ ಎದೆ ಬಡಿದುಕೊಂಡಳು. ಅಣ್ಣ "ಅದ್ಕೇ ಹೇಳಿದ್ದು, ಈ ಜಾತ್ರೇಲೇ ಮಾರೋಣ" ಅಂದ. ನಾನು ಪಕ್ಷ ಬದಲಾಯಿಸಿದೆ. ಒಪ್ಪಂದ ಹೀಗೆ ಅಂದೆ: ಅಪ್ಪ ಆಪರೇಷನ್ ಮಾಡಿಸಿಕೊಳ್ಳಬೇಕು, ಅಲ್ಲಿಯವರೆಗೆ ಗಾಡಿ ಹತ್ತಕೂಡದು. ಕಣ್ಣು ಬಂದರೆ ಎತ್ತು ಉಳಿಯುತ್ತವೆ, ಬಾರದಿದ್ದರೆ ಹೇಮಗಿರಿ. ಅಣ್ಣ ಗೊಣಗುತ್ತಾ ಒಪ್ಪಿದ. ಕತ್ತರಿ ಅಂದರೆ ಹೆದರುವ ಅಪ್ಪನೂ ಒಪ್ಪಿದ, ಎತ್ತಿನ ಆಸೆಗೆ.

ಕೆ.ಆರ್. ಪೇಟೆಯಲ್ಲಿ ಕಣ್ಣಿನ ಕ್ಯಾಂಪು ಇತ್ತು. ಅಲ್ಲಿ ತೋರಿಸಿದೆವು, ಮೈಸೂರಿನಲ್ಲಿ ಆಪರೇಷನ್ ಆಯಿತು. ಕಣ್ಣಿಗೆ ಕೈ ತಾಗಿಸಬಾರದು ಅಂತ ಡಾಕ್ಟರು ಹೇಳಿದ್ದಕ್ಕೆ, "ಅದೊಂದು ವಿದ್ಯೆ ನಂಗೆ ಚೆಂದಾಗಿ ಗೊತ್ತು ಸ್ವಾಮಿ" ಅಂದನಂತೆ. ಹಸಿರು ಬಟ್ಟೆ ಕಟ್ಟಿಕೊಂಡು ಜಗಲಿಯ ಮೇಲೆ ಕೂತ. ಕನ್ನಡಕ ಬರುವವರೆಗೂ ಎಲ್ಲ ಮಸುಕೇ ಅಂದಿದ್ದರು. ಆ ಸಂಕ್ರಾಂತಿಗೆ ಎತ್ತುಗಳಿಗೆ ಕಿಚ್ಚು ಹಾಯಿಸಿದವನು ಅಣ್ಣ. ಬಲದೆತ್ತು ಬೆಂಕಿ ಹಾರಿತು. ಎಡದೆತ್ತು ಬೆಂಕಿಯ ಹತ್ತಿರ ಬಂದು ಬೆದರಿ, ಅಡ್ಡಡ್ಡ ನುಗ್ಗಿ ಜನರ ಮೇಲೆ ಹೋಯಿತು. "ಮುದಿಯಾಗ್ಬುಟ್ಟದೆ, ಧೈರ್ಯ ಸಾಲ್ದು" ಅಂತ ಅಣ್ಣ ಬೈದ. ಜಗಲಿಯಲ್ಲಿದ್ದ ಅಪ್ಪ, "ಅದುನ್ನ ಓಡ್ಸೋಕೆ ಬರಕಿಲ್ಲ ನಿಂಗೆ, ಅದನ್ನೇಳು" ಅಂತ ಅಲ್ಲಿಂದಲೇ ಕೂಗಿದ.

ಹೇಮಗಿರಿ ಜಾತ್ರೆಗೆ ನಾಲ್ಕು ದಿನ ಇದ್ದಾಗ ಕನ್ನಡಕ ಬಂತು. ಪಾಂಡವಪುರದ ಅಂಗಡಿಯಲ್ಲೇ ಹಾಕಿಸಿದೆ. ದಪ್ಪ ಗಾಜಿನ ಹಿಂದೆ ಅಪ್ಪನ ಕಣ್ಣು ನೆಲ್ಲಿಕಾಯಿಯಷ್ಟಾಗಿ ಕಾಣುತ್ತಿತ್ತು. ರಸ್ತೆಗಿಳಿದವನು ಬೋರ್ಡು, ಸೈಕಲ್ಲು, ಬಾಳೆಹಣ್ಣಿನ ಗಾಡಿ ಎಲ್ಲದರ ಮುಂದೂ ನಿಲ್ಲುತ್ತಿದ್ದ. ನನ್ನನ್ನು ನೋಡಿ, "ಇಷ್ಟ್ ಸೊರಗೋಗಿದ್ದೀಯಾ ಮಗ?" ಅಂದ. ಸೆಂಟರಿಗೆ ಹೋಗಲೇಬೇಕು ಅಂತ ಹಠ ಮಾಡಿದ. ಈ ಸಲ ಭುಜ ಹಿಡಿಯದೆ ಮೆಟ್ಟಿಲು ಹತ್ತಿದ.

ಪರದೆ ನೋಡಿದ ಅಪ್ಪನಿಗೆ ಮೊದಲು ಬಂದದ್ದು ಸಿಟ್ಟು. "ಇಷ್ಟೇನಾ ಹಡಗು? ಇದ್ರ ಮ್ಯಾಲೆ ಇಳುಸ್ತಿದ್ನಾ ನಾನು?" ಹುಡುಗರು ಸುತ್ತ ನೆರೆದರು. ನಾನು ಕೀ ಒತ್ತಿದೆ, ಹಸಿರು ಅಕ್ಷರ ಬಂತು. ಅಪ್ಪ ಕೈ ತೊಡೆಯ ಮೇಲಿಟ್ಟುಕೊಂಡ. ಹಡಗು ಹತ್ತಿರ ಬಂತು, ವಿಮಾನ ಎಡಕ್ಕೆ ಒಂಚೂರು ವಾಲಿತು, ಅಪ್ಪ "ಅಯ್ಯಯ್ಯೋ" ಅಂತ ಜಾಯ್‌ಸ್ಟಿಕ್ಕನ್ನು ಎರಡೂ ಕೈಯಲ್ಲಿ ಹಿಡಿದು ಎಳೆದ. ನೀರು. ಇನ್ನೊಂದು ಸಲ. ನೀರು. ಮೂರನೆಯ ಸಲವೂ ನೀರು. ಓನರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪನೂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕ. "ಕಣ್ಣು ಬಂದ್ರೆ ಕೈ ಸುಮ್ಕಿರಕಿಲ್ಲ ಕಣ್ಮಗ" ಅಂದ. ನಾನು ನೋಟ್ ಬುಕ್ಕಿನಲ್ಲಿ ಖಾಲಿ ಬಿಟ್ಟಿದ್ದ ಪುಟದಲ್ಲಿ ಅದನ್ನೇ ಬರೆದುಕೊಂಡೆ.

ಬಸ್ಸಿನಲ್ಲಿ ಊರಿಗೆ ಬಂದೆವು. ಇನ್ನೂ ಬೆಳಕಿತ್ತು. ಅಪ್ಪ ಮನೆಯೊಳಗೆ ಕಾಲಿಡದೆ ನೆಟ್ಟಗೆ ಕೊಟ್ಟಿಗೆಗೆ ಹೋದ. ಬಲದೆತ್ತಿನ ಕೊಂಬು ಸವರಿದ, ಕುತ್ತಿಗೆಯಡಿಯ ಗಂಗೆದೊಗಲು ಕೆರೆದ. ಆಮೇಲೆ ಎಡದೆತ್ತಿನ ಮುಂದೆ ನಿಂತ. ಅದರ ಕಿವಿ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದ. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿ ಮತ್ತೆ ಹಾಕಿಕೊಂಡ. ಅದರ ಎಡಗಣ್ಣಿನ ಮುಂದೆ ಕೈ ಆಡಿಸಿದ, ಎತ್ತು ರೆಪ್ಪೆ ಮಿಟುಕಿಸಲಿಲ್ಲ. ಈ ಕಡೆ ಬಂದು ಬಲಗಣ್ಣಿನ ಮುಂದೆ ಆಡಿಸಿದಾಗ ಮುಖ ಕೊಡವಿತು.

"ಲೇ, ಇಲ್ ಬಾರ್ಲಾ" ಅಂತ ಅಣ್ಣನನ್ನು ಕರೆದ. ಸಿಟ್ಟಿನ ದನಿಯಲ್ಲ. "ಇದುಕ್ಕೆ ಪೊರೆ ಬಂದು ಎಷ್ಟ್ ದಿನಾಯ್ತು?"

ಬಗ್ಗಿ ನೋಡಿದೆವು. ಎಡಗಣ್ಣಿನ ತುಂಬ ಬೆಳ್ಳಗೆ. ನೆನ್ನೆ ಮೊನ್ನೆಯದಲ್ಲ. ದಿನಾ ಹುಲ್ಲು ಹಾಕುವ ಅಣ್ಣ ನೋಡಿರಲಿಲ್ಲ, ಕಲಗಚ್ಚು ಇಡುವ ಅವ್ವ ನೋಡಿರಲಿಲ್ಲ, ಅದರ ಹಿಂದೆಯೇ ಗಾಡಿಯಲ್ಲಿ ಕೂತು ಹೋಗಿ ಬರುತ್ತಿದ್ದ ನಾನೂ ನೋಡಿರಲಿಲ್ಲ. ಎರಡು ವರ್ಷ ಅಪ್ಪನ ಕಣ್ಣನ್ನೂ ಹೀಗೇ ನೋಡಿರಲಿಲ್ಲ. ಕಣ್ಣು ಸರಿಯಿದ್ದ ಮೂರು ಜನ ನಾವು. ನಾಚಿಕೆಯಾಯಿತು.

"ಹಡಗೇ ಸರ್ಯಾಗಿ ನೋಡ್ತಿರ್ಲಿಲ್ಲ ನೋಡು ಮಗ" ಅಂದ ಅಪ್ಪ ನನಗೆ. ಎತ್ತಿನ ಕುತ್ತಿಗೆಗೆ ಹಣೆ ಒತ್ತಿಕೊಂಡು ನಿಂತ. "ಇಬ್ರೂ ಒಬ್ರುನ್ನೊಬ್ರು ನಂಬ್ಕೊಂಡಿದ್ವಲ್ಲೋ ಮೂದೇವಿ, ಒಂದ್ಮಾತು ಹೇಳ್ಬಾರ್ದಾಗಿತ್ತಾ" ಅಂತ ಅದರ ಬೆನ್ನಿಗೆ ಮೆಲ್ಲಗೆ ಗುದ್ದಿದ.

ಹೇಮಗಿರಿಯಲ್ಲಿ ಕಣ್ಣಿಲ್ಲದ ಎತ್ತನ್ನು ಗೇಯುವುದಕ್ಕೆ ಯಾರೂ ಕೊಳ್ಳುವುದಿಲ್ಲ, ಬೇರೆಯದಕ್ಕೆ ಕೊಳ್ಳುವವರು ಇರುತ್ತಾರೆ. ಅದು ಅಣ್ಣನಿಗೂ ಗೊತ್ತಿತ್ತು. "ಜಾತ್ರೆಗೆ ನಾನ್ ಹೋಗಲ್ಲ ಬುಡಪ್ಪ" ಅಂದು ಹುಲ್ಲು ಎಳೆದುಕೊಂಡು ಬರಲು ಹೋದ.

ಆಮೇಲಿನ ಕಬ್ಬಿನ ಗಾಡಿಯನ್ನು ಅಪ್ಪನೇ ಹೊಡೆದ. ಹೊರೆ ಅರ್ಧ ಮಾತ್ರ ಹೇರಿಸಿದ್ದ. ನಾನು ಬಸ್ಸು ಬಿಟ್ಟು ಅವನ ಪಕ್ಕ ಕೂತೆ. ಅಪ್ಪ ಮುಂಚಿನ ಹಾಗೆ ಒರಗಿಕೊಳ್ಳಲಿಲ್ಲ, ನೆಟ್ಟಗೆ ಕೂತು ಎರಡೂ ಕೈಯಲ್ಲಿ ಹಗ್ಗ ಹಿಡಿದಿದ್ದ. ನಾಲೆ ಏರಿ ಹತ್ತಿದ ಮೇಲೆ ಎಡಗಡೆಯ ಅಡ್ಡದಾರಿಯಿಂದ ಒಂದು ಟ್ರಾಕ್ಟರು ಬಂತು. ಎಡದೆತ್ತು ಸದ್ದಿಗೆ ಕಿವಿ ನಿಮಿರಿಸಿ, ಎತ್ತ ಸರಿಯುವುದೋ ತಿಳಿಯದೆ ಹೆಜ್ಜೆ ನಿಲ್ಲಿಸಿತು. ಅಪ್ಪ ಹಗ್ಗವನ್ನು ಒಂಚೂರು ಬಲಕ್ಕೆ ಎಳೆದು, "ಬಲುಕ್ಕೆ ಬಾ ಕಣಪ್ಪ" ಅಂದ. "ಎದರ್ಬೇಡ, ನಾನ್ ನೋಡ್ತಾ ಇವ್ನಿ."